ಚಂದಮ್ಮ ಬಾರಿಸಿದ ತಾಟು

ನನ್ನ ಹೆಂಡತಿ ಚಂದಮ್ಮ ಕಮಲಾಪುರದ ಸೂಲಗಿತ್ತಿ. ಅವಳು ಲಿಂಗೈಕ್ಯಳಾದ ಇಪ್ಪತ್ತನೆಯ ದಿನ ಮಧ್ಯಾಹ್ನ ಮಗಳಿಗೆ ಹೆರಿಗೆ ನೋವು ಬಂತು. ಕಲಬುರಗಿಯಿಂದ ಆಂಬುಲೆನ್ಸ್ ಹೊರಟಿತ್ತು, ಕೂಸು ಕಾಯಲಿಲ್ಲ. ಪಕ್ಕದ ಮನೆಯ ಚಾಂದಬಿ ಒಳಗೆ ಹೋದಳು.

“ಬಾಗಲದಾಗ ಗೂಟದಂಗ ಯಾಕ ನಿಂತೀರಿ? ನೀರ ಕಾಸ್ರಿ!” ಒಳಗಿನಿಂದ ಗದರಿಕೆ ಬಂತು.

ನಲವತ್ತು ವರ್ಷದ ರೂಢಿ, ಅಡುಗೆಮನೆಗೆ ಓಡಿದೆ. ಗದರಿದ್ದು ಚಂದಮ್ಮನ ದನಿಯೆಂದು ನೀರು ಕುದಿಯುವಾಗ ಹೊಳೆಯಿತು. ಆದರೂ ಒಲೆ ಆರಿಸುವ ಧೈರ್ಯ ಬರಲಿಲ್ಲ.

“ಕಾಕಾ, ಕೂಸು ಅಳವಲ್ದು!” ಚಾಂದಬಿ ಚೀರಿದಳು.

“ಶಿವನೇ” ಎಂದೆ. ಅಳದ ಕೂಸಿನ ಬಳಿ ಸೂಲಗಿತ್ತಿಯರು ಬಾರಿಸುವಂತೆ, ನನ್ನ ಬೆನ್ನ ಹಿಂದೆ ಯಾರೋ ತಾಟು ಬಾರಿಸಿದರು. ಮೂರನೆಯ ಪೆಟ್ಟಿಗೆ ಮೊಮ್ಮಗಳು ಅತ್ತಳು.

ತಿರುಗಿದೆ. ಯಾರೂ ಇರಲಿಲ್ಲ. ಗೋಡೆಯ ಗೂಡಿನಲ್ಲಿದ್ದ ಚಂದಮ್ಮನ ತಾಟನ್ನು ಮುಟ್ಟಿದೆ; ಅದು ಇನ್ನೂ ಅದುರುತ್ತಿತ್ತು.