ತುಂಡು ವೆಲ್ವೆಟ್‌ನಲ್ಲಿ ಒಂದು ಕೋಟು

"ಇನ್ನೊಂದೇ ಸಾಲು! ಇನ್ನೊಂದೇ ಒಂದು!"

ಆತಿಕಾ ಸ್ಟೂಲಿನ ಮೇಲೆ ಮಂಡಿಯೂರಿ ಟ್ಯಾಬ್ ಮೇಲೆ ಬಗ್ಗಿದ್ದಳು. ಪರದೆಯ ತುಂಬ ಕೆಂಪು, ಹಸಿರು, ಹಳದಿ ಬ್ಲಾಕ್‌ಗಳು. ಮೂಲೆಯಲ್ಲಿ ಟೈಮರ್ ಓಡುತ್ತಿತ್ತು. ಈ ಆಟದಲ್ಲಿ ಬ್ಲಾಕನ್ನು ತಿರುಗಿಸುವ ಹಾಗಿಲ್ಲ. ಅದು ಹೇಗೆ ಬರುತ್ತದೋ ಹಾಗೇ ಜಾಗ ಹುಡುಕಿ ಕೂರಿಸಬೇಕು.

ಅಷ್ಟರಲ್ಲಿ 'ಟಿಂಗ್' ಎಂದು ಮೇಲಿನಿಂದ ಒಂದು ಮೆಸೇಜ್ ಇಳಿಯಿತು. ಅವಳಿಗೆ ಬೇಕಾಗಿದ್ದ ಸಾಲನ್ನೇ ಮುಚ್ಚಿಬಿಟ್ಟಿತು.

"ಥೂ, ಈಗ್ಲೇ ಬರ್ಬೇಕಿತ್ತಾ ಇದು!"

ಆತಿಕಾ ಬೆರಳಿನಿಂದ ಅದನ್ನು ಸರ್ರನೆ ಮೇಲಕ್ಕೆ ತಳ್ಳಿದಳು. ಯಾರು ಕಳಿಸಿದ್ದು, ಏನು ಬರೆದಿದ್ದು, ಒಂದನ್ನೂ ನೋಡಲಿಲ್ಲ. ಹಸಿರು ಬ್ಲಾಕನ್ನು ಎಳೆದು ಕೂರಿಸಿದಳು. ಸಾಲು ತುಂಬಿತು, ಲೆವೆಲ್ ದಾಟಿತು!

"ಹೊಡೆದೆ!" ಎಂದು ಎರಡೂ ಕೈ ಮೇಲೆತ್ತಿದಳು.

"ಯಾವ ರಾಜ್ಯ ಗೆದ್ದೆ ತಾಯಿ?" ಮಶಿನ್ ತುಳಿಯುತ್ತಿದ್ದ ಸಂಜೀವಪ್ಪ ತಾತ ಕನ್ನಡಕದ ಮೇಲಿನಿಂದ ನೋಡಿ ಕೇಳಿದ.

ಇದು ನಡೆದದ್ದು ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಆತಿಕಾಳ ಅಬ್ಬಾ ಸನಾವುಲ್ಲಾ ಅವರ ಟೈಲರ್ ಅಂಗಡಿಯಲ್ಲಿ. ಆ ಗಲ್ಲಿ ಎಷ್ಟು ಕಿರಿದೆಂದರೆ, ಎದುರುಬದುರಾದ ಎರಡು ಸ್ಕೂಟರ್‌ಗಳಲ್ಲಿ ಒಂದು ಹಿಂದೆ ಹೋಗಲೇಬೇಕು. ಬಟ್ಟೆ ಕತ್ತರಿಸುವುದು ಅಬ್ಬಾ, ಹೊಲಿಯುವುದು ಸಂಜೀವಪ್ಪ ತಾತ. ಸ್ಕೂಲ್ ಬಿಟ್ಟ ಮೇಲೆ ಅಮ್ಮಿ ಕ್ಲಿನಿಕ್ ಕೆಲಸ ಮುಗಿಸಿ ಬರುವವರೆಗೂ ಆತಿಕಾಳ ಠಿಕಾಣಿ ಇಲ್ಲೇ. ಮನೆಯಲ್ಲಿ ಎಲ್ಲರದೂ ದಖ್ಖನಿ ಉರ್ದು. ಅಂಗಡಿಯಲ್ಲಿ ಮಾತ್ರ ಕನ್ನಡವೇ ಆಡಬೇಕೆಂಬುದು ಅಬ್ಬಾ ಮಾಡಿದ ನಿಯಮ. "ತಾತನ್ನ ಬಿಟ್ಟು ನಾವಿಬ್ರೇ ಮಾತಾಡಿದ್ರೆ ಚೆನ್ನಾಗಿರುತ್ತಾ?" ಎನ್ನುತ್ತಿದ್ದರು.

ಟ್ಯಾಬ್ ಕೂಡ ಅಂಗಡಿ ಕೆಲಸಕ್ಕೆಂದೇ ತಂದಿದ್ದು. ಗಿರಾಕಿಗಳ ಅಳತೆ, ಡೆಲಿವರಿ ತಾರೀಖು, ಕತ್ತರಿಸುವ ಮುಂಚೆ ತುಂಡುಗಳನ್ನು ಬರೆದು ನೋಡುವ ಕಟಿಂಗ್ ಆ್ಯಪ್ ಎಲ್ಲವೂ ಅದರಲ್ಲೇ. ಅತ್ತೂ ಕರೆದೂ ಆತಿಕಾ ಒಂದೇ ಒಂದು ಗೇಮ್ ಹಾಕಿಸಿಕೊಂಡಿದ್ದಳು. ಅದಕ್ಕೆ ಸಿಕ್ಕಿದ್ದು ಕಟ್ಟಕಡೆಯ ಪೇಜಿನ ಮೂಲೆ. ಹೋಂವರ್ಕ್ ಮುಗಿದ ಮೇಲೆ, ಅಬ್ಬಾಗೆ ಟ್ಯಾಬ್ ಬೇಡವಾದಾಗ ಮಾತ್ರ ಆಟ.

ಅಬ್ಬಾ ನಮಾಜ್ ಮುಗಿಸಿಕೊಂಡು ಬಂದರು. ಮೇಜಿನ ಮೇಲೆ ಗಾಢ ನೀಲಿ ಬಣ್ಣದ ವೆಲ್ವೆಟ್ ಹಾಸಿತ್ತು. ಅದರ ಹಿಂಬದಿಗೆ ಸೀಮೆಸುಣ್ಣದ ಗೆರೆಗಳನ್ನು ಆಗಲೇ ಎಳೆದಿದ್ದರು. ಕತ್ತರಿ ಕೈಗೆತ್ತಿಕೊಂಡು ಎಂದಿನಂತೆ ಕೇಳಿದರು.

"ಬೇಟಾ, ಏನಾದ್ರೂ ಮೆಸೇಜ್ ಬಂತಾ?"

ಹೊಸ ಲೆವೆಲ್ ಶುರುವಾಗಿತ್ತು. ಆತಿಕಾ ತಲೆ ಎತ್ತದೆ, "ಇಲ್ಲ ಅಬ್ಬಾ" ಅಂದಳು.

"ಬಿಸ್ಮಿಲ್ಲಾ" ಎಂದು ಅಬ್ಬಾ ಕತ್ತರಿ ಹಾಕಿದರು. ಕಚಕ್, ಕಚಕ್, ಕಚಕ್. ಎರಡು ಮುಂಭಾಗ, ಒಂದು ಅಗಲವಾದ ಬೆನ್ನು, ಒಂದು ಕಾಲರ್. ಹುಡುಗನೊಬ್ಬನ ತೋಳಿಲ್ಲದ ಕೋಟಿಗೆ ಬೇಕಾದ ತುಂಡುಗಳೆಲ್ಲ ಬೇರೆಯಾದವು.

ದೀಪ ಹಚ್ಚುವ ಹೊತ್ತಿಗೆ ಹಲಸೂರಿನ ಸುಕನ್ಯ ಆಂಟಿ ಬಂದರು. ನೀಲಿ ವೆಲ್ವೆಟ್ ಅವರದೇ. ಅವರ ಸೆರಗು ಹಿಡಿದುಕೊಂಡು ಚಿಕ್ಕ ಮಗ ಸೂರ್ಯನೂ ಬಂದಿದ್ದ. ಒಂದನೇ ಕ್ಲಾಸಿನವನು, ಮುಂದಿನ ಎರಡು ಹಲ್ಲು ಬಿದ್ದಿದ್ದವು.

"ಮಾಸ್ಟರ್, ಚಿಕ್ಕವನದೂ ಸೇರಿಸಿ ಗೆರೆ ಹಾಕಿದ್ರಾ?"

"ಯಾವ ಚಿಕ್ಕವನದಮ್ಮ? ದೊಡ್ಡ ಮಗ ಭೀಮೇಶಂದು ಒಂದೇ ಕೋಟು ಅಂದಿದ್ರಲ್ಲ."

"ಅಯ್ಯೋ, ಆಗ್ಲೇ ಮೆಸೇಜ್ ಹಾಕಿದ್ನಲ್ರೀ! ಇವನು ಮೊದ್ಲು ಕೋಟು ಬೇಡ, ಚುಚ್ಚುತ್ತೆ ಅಂದಿದ್ದ. ಈಗ ಅತ್ತೆ ಮದುವೆಗೆ ಅಣ್ಣಂದೇ ಥರ ಬೇಕು ಅಂತ ಊಟ ಬಿಟ್ಟು ಕೂತಿದ್ದಾನೆ. ಕಟ್ ಮಾಡ್ಬೇಡಿ, ಇವನದೂ ಸೇರಿಸ್ಕೊಳ್ಳಿ ಅಂತ ಬರೆದಿದ್ದೆ. ಬಟ್ಟೆ ಅಷ್ಟೇ ಇರೋದು. ಅಂಗಡೀಲಿ ಕೇಳಿದೆ, ಈ ಬಣ್ಣ ಮುಗಿದೋಯ್ತಂತೆ."

"ಮೆಸೇಜ್ ಬಂದಿಲ್ಲಮ್ಮ" ಎನ್ನುತ್ತ ಅಬ್ಬಾ ಟ್ಯಾಬ್ ತೆಗೆದರು. ನೋಡಿದರೆ ಬಂದಿದೆ! ಕತ್ತರಿಸಿಟ್ಟ ತುಂಡುಗಳನ್ನೊಮ್ಮೆ, ಉಳಿದ ಬಟ್ಟೆಯನ್ನೊಮ್ಮೆ ನೋಡಿದರು.

ಸೂರ್ಯನಿಗೆ ಯಾರೂ ಏನೂ ಹೇಳುವುದು ಬೇಕಾಗಲಿಲ್ಲ. ಅವನು ವೆಲ್ವೆಟ್ ಮೇಲೆ ಇಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದುಕೊಂಡ. ತುಟಿ ಒಂದು ಸಲ ಅದುರಿತು. ಅಳಲಿಲ್ಲ. ಅತ್ತಿದ್ದರೇ ಎಷ್ಟೋ ವಾಸಿಯಿತ್ತು ಎನಿಸಿತು ಆತಿಕಾಗೆ.

ಅವಳ ಕಿವಿ ಬಿಸಿಯಾದವು.

"ಅಬ್ಬಾ, ಮೆಸೇಜ್ ಬಂದಿತ್ತು. ಆಟಕ್ಕೆ ಅಡ್ಡ ಬಂತು ಅಂತ ನಾನೇ ತಳ್ಬಿಟ್ಟೆ. ನೀವು ಕೇಳಿದಾಗ ಯೋಚ್ನೆ ಮಾಡ್ದೇನೇ ಇಲ್ಲ ಅಂದೆ."

ಸಂಜೀವಪ್ಪ ತಾತನ ಮಶಿನ್ ನಿಂತಿತು. ಅಬ್ಬಾ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರವಾಗಬಹುದಿತ್ತು. ಆತಿಕಾ ತಾನೇ ಟ್ಯಾಬ್ ಎಳೆದುಕೊಂಡು, ಕಡೆಯ ಪೇಜಿಗೆ ಹೋಗಿ, ಗೇಮಿನ ಮೇಲೆ ಬೆರಳಿಟ್ಟು ಒತ್ತಿ ಹಿಡಿದಳು.

"ಡಿಲೀಟ್ ಮಾಡ್ಲಾ?"

"ಅದನ್ನ ಅಳಿಸಿದ್ರೆ ಬಟ್ಟೆ ಜಾಸ್ತಿ ಆಗುತ್ತಾ?" ಅಬ್ಬಾ ನಿಟ್ಟುಸಿರು ಬಿಟ್ಟರು. "ಆಮೇಲೆ ನೋಡೋಣ. ಮೊದ್ಲು ಮಗೂ ಕೋಟಿನ ದಾರಿ ನೋಡ್ಬೇಕು."

ಸೂರ್ಯನ ಯೂನಿಫಾರಂ ಅಳತೆ ಟ್ಯಾಬಿನಲ್ಲಿತ್ತು. ಅಬ್ಬಾ ಅದರ ಮೇಲೆ ಕೋಟಿನ ತುಂಡುಗಳನ್ನು ಬರೆದರು. ಉಳಿದ ಬಟ್ಟೆಯ ಅಂಚನ್ನು ಅಳೆದು ಅದನ್ನೂ ಬರೆದರು. ತುಂಡುಗಳನ್ನು ಹೀಗೆ ಇಟ್ಟು ನೋಡಿದರು, ಹಾಗೆ ಇಟ್ಟು ನೋಡಿದರು. ಬೆನ್ನು ಕೂತರೆ ಮುಂಭಾಗ ಹೊರಗೆ. ಮುಂಭಾಗ ಕೂತರೆ ಬೆನ್ನು ಹೊರಗೆ.

"ಬೆನ್ನಿಗೆ ವೆಲ್ವೆಟ್ ಬದ್ಲು ಲೈನಿಂಗ್ ಬಟ್ಟೆ ಹಾಕ್ಬೋದಮ್ಮ."

"ಅಣ್ಣಂಗೆ?" ಸೂರ್ಯ ಮೊದಲ ಸಲ ಬಾಯಿ ಬಿಟ್ಟ.

"ಅಣ್ಣಂಗೆ ವೆಲ್ವೆಟ್ಟೇ ಕಣಪ್ಪ, ಕಟ್ ಆಗೋಗಿದೆ."

ಸೂರ್ಯ ಮತ್ತೆ ಸೆರಗಿನ ಹಿಂದೆ ಹೋದ. ಸುಕನ್ಯ ಆಂಟಿ ಅವನ ತಲೆ ಸವರುತ್ತ, "ಇರ್ಲಿ ಬಿಡಿ ಮಾಸ್ಟರ್, ಏನ್ಮಾಡಕ್ಕಾಗುತ್ತೆ" ಅಂದರು.

ಆತಿಕಾಳ ಕಣ್ಣು ಪರದೆಯ ಮೇಲೇ ಇತ್ತು. ಅಂಕುಡೊಂಕಾದ ಬಟ್ಟೆ. ಅದರೊಳಗೆ ಕೂರಬೇಕಾದ ತುಂಡುಗಳು. ಇದನ್ನು ಅವಳು ದಿನಾ ನೋಡುತ್ತಿರಲಿಲ್ಲವೇ?

"ಅಬ್ಬಾ, ನಾನೊಂದ್ಸಲ ನೋಡ್ಲಾ?"

ಅಬ್ಬಾ ಅವಳ ಮುಖ ನೋಡಿದರು. ಏನೆನಿಸಿತೋ, ಟ್ಯಾಬ್ ಅವಳ ಕಡೆ ತಿರುಗಿಸಿದರು.

ಆತಿಕಾ ಒಂದು ಮುಂಭಾಗವನ್ನು ತಲೆಕೆಳಗು ಮಾಡಿ ಇನ್ನೊಂದರ ಪಕ್ಕ ಕೂರಿಸಿದಳು. ಬೆನ್ನನ್ನು ಕೆಳಗೆ ಅಡ್ಡ ಮಲಗಿಸಿದಳು. ಕಾಲರ್ ಮೂಲೆಗೆ ಹೋಯಿತು. ಎಲ್ಲವೂ ಕೂತವು!

"ಆಯ್ತು! ನೋಡಿ ಅಬ್ಬಾ, ಆಯ್ತು!"

ಸೂರ್ಯ ಓಡಿ ಬಂದ. ಅಬ್ಬಾ ಮಾತ್ರ ತಲೆ ಅಲ್ಲಾಡಿಸಿದರು. ಉಳಿದ ವೆಲ್ವೆಟ್ ಮೇಲೆ ಅವಳ ಅಂಗೈ ಇಟ್ಟು, ಮೇಲಿನಿಂದ ಕೆಳಕ್ಕೆ ಸವರಿಸಿದರು. ನುಣ್ಣಗಿತ್ತು. ಕೆಳಗಿನಿಂದ ಮೇಲಕ್ಕೆ ಸವರಿಸಿದರು. ಬೆಕ್ಕಿನ ಬೆನ್ನನ್ನು ಉಲ್ಟಾ ಸವರಿದ ಹಾಗೆ ಎಳೆಗಳೆಲ್ಲ ನಿಂತು, ನೀಲಿ ಬಣ್ಣವೇ ಬೇರೆಯಾಯಿತು.

"ವೆಲ್ವೆಟ್ ಎಳೆ ಒಂದೇ ಕಡೆ ಮಲಗಿರುತ್ತೆ ಬೇಟಾ. ಒಂದು ತುಂಡು ಉಲ್ಟಾ ಆದ್ರೂ, ಒಂದು ಕಡೆ ಕಪ್ಪು ಒಂದು ಕಡೆ ಬಿಳಿಚು ಕಾಣುತ್ತೆ. ಬೇರೆ ಬಟ್ಟೆ ಆಗಿದ್ರೆ ನಡೀತಿತ್ತು. ಇದನ್ನ ತಿರುಗಿಸೋ ಹಾಗಿಲ್ಲ."

ಆತಿಕಾಳ ಮುಖ ಚಿಕ್ಕದಾಯಿತು. ಆದರೆ ಅದೇ ಗಳಿಗೆಯಲ್ಲಿ ಅವಳ ತಲೆಯಲ್ಲಿ ಏನೋ ಹೊಳೆಯಿತು.

"ತಿರುಗಿಸೋ ಹಾಗಿಲ್ವಾ? ನನ್ನ ಗೇಮಲ್ಲೂ ತಿರುಗಿಸೋ ಹಾಗಿಲ್ಲ!"

ಕಾಲು ಮಡಚಿ ಸ್ಟೂಲಿನ ಮೇಲೆ ಹತ್ತಿ ಕೂತಳು. ಎಲ್ಲ ತುಂಡುಗಳನ್ನೂ ನೆಟ್ಟಗೆ ನಿಲ್ಲಿಸಿದಳು. ಇಲ್ಲಿ ಟೈಮರ್ ಇರಲಿಲ್ಲ. ಅವಸರ ಮಾಡಲಿಲ್ಲ. ಭೀಮೇಶನ ಕೋಟಿನ ಕುತ್ತಿಗೆ ಕತ್ತರಿಸಿದ ಕಡೆ ಬಟ್ಟೆಯಲ್ಲೊಂದು ನಾಲಿಗೆಯಂಥ ತುದಿ ಉಳಿದಿತ್ತು. ಅಲ್ಲಿಗೆ ಕಾಲರ್ ಸರಿಹೋಯಿತು. ನಡುವೆ ಎರಡು ಮುಂಭಾಗ ಒಂದರ ಪಕ್ಕ ಒಂದು ಕೂತವು. ಆಮೇಲೆ ಉಳಿದದ್ದು ಎಡಕ್ಕೊಂದು ಉದ್ದ ಪಟ್ಟಿ, ಬಲಕ್ಕೊಂದು ಉದ್ದ ಪಟ್ಟಿ. ಅಗಲವಾದ ಬೆನ್ನು ಎರಡರಲ್ಲೂ ಹಿಡಿಯಲಿಲ್ಲ.

ಆಟದಲ್ಲೂ ಹೀಗೇ ಆಗುತ್ತಿತ್ತು. ದೊಡ್ಡ ಬ್ಲಾಕ್ ಬಂದರೆ ಜಾಗವಿಲ್ಲ. ಅದೇ ಎರಡು ಚಿಕ್ಕವು ಬಂದಿದ್ದರೆ ಇತ್ತು.

"ಅಬ್ಬಾ, ಬೆನ್ನನ್ನ ಮಧ್ಯಕ್ಕೆ ಎರಡು ಮಾಡಿ ಆಮೇಲೆ ಸೇರಿಸಿದ್ರೆ?"

"ಬೇರೆ ಬಟ್ಟೆಗೆ ಹಾಗೆ ಮಾಡ್ತೀವಿ. ವೆಲ್ವೆಟ್ ಬೆನ್ನಿಗೆ ಹೊಲಿಗೆ ಹಾಕ್ಬಾರದು. ನನ್ನ ಉಸ್ತಾದ್ ಹೇಳ್ಕೊಟ್ಟಿದ್ದು. ಇಷ್ಟು ವರ್ಷದಲ್ಲಿ ನಾನು ಹಾಕಿಲ್ಲ."

"ಯಾಕೆ ಹಾಕ್ಬಾರದು?"

ಉಸ್ತಾದ್ ಹೇಳಿದ್ದರು, ಅಬ್ಬಾ ಪಾಲಿಸಿದ್ದರು. ಯಾಕೆಂದು ಕೇಳಿದವರೇ ಇರಲಿಲ್ಲ.

ಸಂಜೀವಪ್ಪ ತಾತ ಎದ್ದು ಬಂದು ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ.

"ಸನಾ ಭಾಯ್, ಆಗಿನ ವೆಲ್ವೆಟ್ ಕಂಬಳಿ ಇದ್ದಂಗಿರ್ತಿತ್ತು. ಹೊಲಿಗೆ ಹಾಕಿದ್ರೆ ಬೆನ್ನ ಮೇಲೆ ಹಗ್ಗ ಕೂತಂಗೆ ಕಾಣೋದು. ಇದು ತೆಳು. ಒಂದು ಚೂರು ಕೊಡಿ, ನೋಡೇಬಿಡೋಣ."

ಅಬ್ಬಾ ಎರಡು ಚಿಂದಿ ಕೊಟ್ಟರು. ತಾತ ಎಳೆ ಒಂದೇ ಕಡೆ ಬರುವಂತೆ ಜೋಡಿಸಿ, ಮಶಿನ್‌ನಲ್ಲಿ ನಿಧಾನವಾಗಿ ಒಂದು ಹೊಲಿಗೆ ಓಡಿಸಿದ. ಹಿಂಬದಿಯ ಅಂಚುಗಳನ್ನು ಎರಡೂ ಕಡೆಗೆ ಬಿಡಿಸಿ, ಕೆಟಲಿನ ಆವಿ ಹಿಡಿದು, ಮೇಲಿನಿಂದ ಬ್ರಶ್ ಎಳೆದ. ಆಮೇಲೆ ಸೂರ್ಯನ ಮುಂದೆ ಇಟ್ಟ.

"ನೋಡಪ್ಪಾ ದೊರೆ, ಹೊಲಿಗೆ ಎಲ್ಲಿದೆ ತೋರ್ಸು."

ಸೂರ್ಯ ಮೂಗು ತಾಗುವಷ್ಟು ಬಗ್ಗಿ ನೋಡಿದ. ಬೆರಳಿಂದ ಹುಡುಕಿದ. "ಇಲ್ಲೇ ಇಲ್ಲ!"

ಸುಕನ್ಯ ಆಂಟಿ ನೋಡಿದರು. ಅವರಿಗೂ ಸಿಗಲಿಲ್ಲ. ಅಬ್ಬಾ ದೀಪದ ಕೆಳಗೆ ಹಿಡಿದು, ಆ ಕಡೆ ಈ ಕಡೆ ಓರೆ ಮಾಡಿ ನೋಡಿದರು. ಅವರ ಮುಖದಲ್ಲಿ ನಗು ನಿಧಾನವಾಗಿ ಹರಡಿತು.

"ಉಸ್ತಾದ್ ಇದ್ದಿದ್ರೆ ಕಿವಿ ಹಿಂಡ್ತಿದ್ರು" ಅಂದರು. "ಆಮೇಲೆ ಒಂದು ಚಾ ಕುಡಿಸ್ತಿದ್ರು. ಹೂಂ, ಒಡಿ ಬೇಟಾ ಬೆನ್ನನ್ನ!"

ಆತಿಕಾ ಬೆನ್ನಿನ ನಡುವೆ ಬೆರಳಿಂದ ಗೆರೆ ಎಳೆದಳು. ಅಬ್ಬಾ ಹೊಲಿಗೆಯೊಳಗೆ ಹೋಗುವ ಅಂಚನ್ನು ಎರಡೂ ಕಡೆ ಸೇರಿಸಿಕೊಟ್ಟರು. ಒಂದು ಅರ್ಧ ಎಡಗಡೆ ಪಟ್ಟಿಯಲ್ಲಿ ಆರಾಮಾಗಿ ಕೂತಿತು. ಇನ್ನೊಂದು ಅರ್ಧ ಬಲಗಡೆ ಕೂರುವಾಗ ಕಂಕುಳಿನ ಹತ್ತಿರ ಕೂದಲೆಳೆಯಷ್ಟು ಹೊರಗೆ ಬಂತು. ಆತಿಕಾ ಎರಡೂ ಮುಂಭಾಗಗಳನ್ನು ಒಂಚೂರು ಎಡಕ್ಕೆ ಸರಿಸಿದಳು. ಬೆನ್ನಿನ ಅರ್ಧವನ್ನು ಮತ್ತೆ ಎಳೆದು ತಂದಳು.

ಕೂತಿತು! ಎಲ್ಲ ತುಂಡುಗಳೂ ಒಳಗೆ, ಎಲ್ಲವೂ ಒಂದೇ ದಿಕ್ಕಿಗೆ!

"ಹೊಡೆದೆ!" ಎಂದು ಕಿರುಚಿದಳು ಆತಿಕಾ. "ಹೊಡೆದೆ!" ಎಂದು ಸೂರ್ಯನೂ ಕಿರುಚಿದ. ಯಾರು ಯಾರನ್ನು ಹೊಡೆದರೆಂದು ಎದುರಿನ ಬಳೆ ಅಂಗಡಿಯವರು ಎದ್ದು ಬಂದು ಇಣುಕಿದರು. ಸುಕನ್ಯ ಆಂಟಿ ಆತಿಕಾಳ ಎರಡೂ ಕೆನ್ನೆ ಹಿಡಿದು, "ಎಂಥಾ ಜಾಣೆ ಮಾರಾಯ್ತಿ!" ಅಂದರು.

ಅಬ್ಬಾ ಪರದೆ ನೋಡಿಕೊಂಡು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಎರಡೆರಡು ಸಲ ಅಳೆದರು. ಕತ್ತರಿ ಎತ್ತಿಕೊಂಡವರು ಆತಿಕಾಳ ಕಡೆ ತಿರುಗಿದರು.

"ಬೇಟಾ, ಏನಾದ್ರೂ ಮೆಸೇಜ್ ಬಂತಾ?"

ಆತಿಕಾ ಟ್ಯಾಬ್ ಎತ್ತಿಕೊಂಡಳು. ಒಂದೊಂದನ್ನೂ ತೆರೆದು, ಮೇಲಿನಿಂದ ಕೆಳಗಿನವರೆಗೂ ನೋಡಿದಳು.

"ಇಲ್ಲ ಅಬ್ಬಾ. ಎಲ್ಲಾ ನೋಡ್ದೆ."

"ಬಿಸ್ಮಿಲ್ಲಾ."

ಕಚಕ್, ಕಚಕ್, ಕಚಕ್.

ಅಮ್ಮಿ ಬಂದು ಕರೆದಾಗ ಆತಿಕಾಗೆ ಆಟದ ನೆನಪಾಯಿತು. ಟ್ಯಾಬಿನ ಕಡೆಯ ಪೇಜಿಗೆ ಹೋಗಿ ನೋಡಿದಳು. ಗೇಮ್ ಅಲ್ಲಿರಲಿಲ್ಲ! ಅಬ್ಬಾರನ್ನು ಕೇಳುವ ಧೈರ್ಯ ಬರಲಿಲ್ಲ. ಸುಮ್ಮನೆ ಹಿಂದಕ್ಕೆ ಸರಿಸುತ್ತ ಮೊದಲ ಪೇಜಿಗೆ ಬಂದಳು.

ಅಲ್ಲಿ, ಕಟಿಂಗ್ ಆ್ಯಪಿನ ಪಕ್ಕದಲ್ಲೇ, ಬಣ್ಣಬಣ್ಣದ ಬ್ಲಾಕ್‌ಗಳ ಚಿತ್ರ ಕೂತಿತ್ತು.

ಅಬ್ಬಾ ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ ಬೇರೆಲ್ಲೋ ನೋಡುತ್ತಿದ್ದರು.

ಮದುವೆ ಮುಗಿದ ಮಾರನೆಯ ಸಂಜೆ. ಆತಿಕಾ ಹೋಂವರ್ಕ್ ಮುಗಿಸಿ ಸ್ಟೂಲ್ ಏರಿದ್ದಳು. ಈ ಲೆವೆಲ್ ಬಲು ಕಷ್ಟದ್ದು. ಇನ್ನೊಂದೇ ಸಾಲು ಬಾಕಿ, ಟೈಮರ್ ಕೆಂಪಾಗಿತ್ತು. ಹಳದಿ ಬ್ಲಾಕ್ ಅವಳ ಬೆರಳ ತುದಿಯಲ್ಲೇ ಇತ್ತು.

ಟಿಂಗ್.

ಆತಿಕಾಳ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಹಳದಿ ಬ್ಲಾಕನ್ನು ಬಿಟ್ಟು ಮೆಸೇಜನ್ನು ಒತ್ತಿತು.

"ಅಬ್ಬಾ, ಸುಕನ್ಯ ಆಂಟಿ! ಫೋಟೋ ಕಳಿಸಿದ್ದಾರೆ!"

ಭೀಮೇಶ ಮತ್ತು ಸೂರ್ಯ ಬೆನ್ನು ತೋರಿಸಿಕೊಂಡು ನಿಂತಿದ್ದರು. ಎರಡು ನೀಲಿ ಬೆನ್ನು, ಒಂದು ದೊಡ್ಡದು, ಒಂದು ಚಿಕ್ಕದು. ಆತಿಕಾ ಗಟ್ಟಿಯಾಗಿ ಓದಿದಳು. "ಮಾಸ್ಟರ್, ಹೊಲಿಗೆ ಎಲ್ಲಿದೆ ಅಂತ ಮದುವೆ ಮನೇಲಿ ಎಲ್ರ ಹತ್ರಾನೂ ಪಂದ್ಯ ಕಟ್ಟಿದ್ದ ಸೂರ್ಯ. ಯಾರೂ ಗೆಲ್ಲಲಿಲ್ಲ. ರಾತ್ರಿ ಕೋಟು ಹಾಕ್ಕೊಂಡೇ ಮಲ್ಕೊಂಡ."

ಅಬ್ಬಾ ಜೋರಾಗಿ ನಕ್ಕರು. ಸಂಜೀವಪ್ಪ ತಾತ ಕನ್ನಡಕ ಒರೆಸಿಕೊಂಡು ಬಂದು ಬಗ್ಗಿದ.

"ಅಲ್ಲಮ್ಮಾ, ನಿನ್ನ ಆಟ ಹೋಯ್ತಲ್ಲ?"

ಆತಿಕಾಗೆ ಅದು ಕೇಳಿಸಲಿಲ್ಲ. ಅವಳು ಎರಡು ಬೆರಳಿಂದ ಚಿಕ್ಕ ಬೆನ್ನನ್ನು ದೊಡ್ಡದು ಮಾಡಿ ನೋಡುತ್ತಿದ್ದಳು. ಎಲ್ಲಿ ಒಡೆದಿದ್ದೆಂದು ಅವಳಿಗೆ ಸರಿಯಾಗಿ ಗೊತ್ತಿತ್ತು. ಆದರೂ ಹೊಲಿಗೆ ಸಿಗಲಿಲ್ಲ.