ಮಾತಿಗೆ ಬಿದ್ದ ಬೀಗ

"ಶಿಲ್ಪ... ಇವತ್ತು ಯಾಕೆ ಮಾತಾಡ್ಲಿಲ್ಲ?"

ಸೊಪ್ಪು ಬಿಡಿಸುತ್ತಿದ್ದ ಶಿಲ್ಪಳ ಕೈ ನಿಂತಿತು.

ಮಟಮಟ ಮಧ್ಯಾಹ್ನ. ಯಲಹಂಕದ ಆ ಮನೆಯಲ್ಲಿ ಅವಳು ಮತ್ತು ಲಕ್ವ ಹೊಡೆದು ಮಲಗಿದ್ದ ಅತ್ತೆ ಸೊಣ್ಣಮ್ಮ, ಇಬ್ಬರೇ. ಗಂಡಸಿನ ಧ್ವನಿ ಬಂದದ್ದು ಅಡುಗೆಮನೆಯ ವೈರ್‌ಲೆಸ್ ಸೆಟ್ಟಿನಿಂದ. ಅದರ ಜೋಡಿ ಸೆಟ್ಟು ಅತ್ತೆಯ ಮಂಚದ ಪಕ್ಕದಲ್ಲಿ ಸದಾ ಚಾಲೂ ಇರುತ್ತಿತ್ತು, ಕರೆದರೆ ಕೇಳಲೆಂದು.

ಅತ್ತೆ ನಿದ್ದೆ ಹೋದ ಮೇಲೆ ಆ ಮಂಚದ ಪಕ್ಕದಲ್ಲೇ ಕುಳಿತು, ತೀರಿಹೋದ ಗಂಡ ಶಿವರಾಮನೊಡನೆ ಶಿಲ್ಪ ದಿನವೂ ಮಾತಾಡುತ್ತಿದ್ದಳು. ಮೂರು ವರ್ಷದಿಂದ... ಇವತ್ತು ಮಾತ್ರ ಆಡಿರಲಿಲ್ಲ.

"ರೀ...?"

ಸೆಟ್ಟು ಗಕ್ಕನೆ ಸುಮ್ಮನಾಯಿತು.

ಹತ್ತು ನಿಮಿಷಕ್ಕೆ ಬಾಗಿಲ ಬೆಲ್ ಆಯಿತು. ಬಂದವನು ಹಿಂದಿನ ಬೀದಿಯ ಗುರುಚರಣ್, ವೈರ್‌ಲೆಸ್ ಇಂಜಿನಿಯರ್. ತನ್ನ ಹಳೇ ಸೆಟ್ಟಿನಲ್ಲಿ ಈ ಮನೆಯ ಮಾತೆಲ್ಲ ಕೇಳಿಸುತ್ತದೆ, ಇಂದು ನನ್ನಷ್ಟಕ್ಕೆ ಅಂದುಕೊಳ್ಳುತ್ತಾ ಅರಿಯದೆ ಬಟನ್ ಒತ್ತಿಬಿಟ್ಟೆ ಎಂದ.

"ಎಷ್ಟು ದಿನದಿಂದ?"

"ಮೂರು ವಾರ..."

ಗಂಡನ ಮುಖವೇ ಮರೆಯುತ್ತಿದೆ ಎಂದು ಅತ್ತದ್ದನ್ನೂ ಇವನು ಕೇಳಿದ್ದಾನೆ! ಅವಳು ಬಾಗಿಲು ಹಾಕಿಕೊಂಡಳು.

ಮರುದಿನ ಅವನು ಎರಡು ಪುಟ್ಟ ಪೆಟ್ಟಿಗೆ ತಂದ. ಧ್ವನಿಯನ್ನು ಚೂರುಮಾಡಿ, ಕಲಸಿ ಕಳಿಸುವಂಥವು. ಎರಡಕ್ಕೂ ಒಂದೇ ಗುಟ್ಟಿನ ಸಂಖ್ಯೆ ಇಟ್ಟರೆ ಮಾತ್ರ ಮಾತು ಮತ್ತೆ ಕೂಡುತ್ತದೆ. ಸೆಟ್ಟುಗಳಿಗೆ ಜೋಡಿಸಿದವನು, ಅವಳು ಸಂಖ್ಯೆ ಇಡುವಾಗ ಗೇಟಿನಾಚೆ ಬೆನ್ನು ಮಾಡಿ ನಿಂತ.

ಈಗ ತನ್ನ ಮಾತು ಯಾರಿಗೂ ಕೇಳದು. ಆದರೂ ಮಾತಿನ ನಡುವೆ ಶಿಲ್ಪ ತಡೆದು ಕಾಯತೊಡಗಿದಳು. ಕಾಯುತ್ತಿದ್ದದ್ದು ಶಿವರಾಮನ ಧ್ವನಿಗಲ್ಲ... ಅದು ಹೊಳೆದ ದಿನ ಅವಳು ಮಾತು ಅರ್ಧಕ್ಕೇ ಬಿಟ್ಟು ಎದ್ದಳು.

ವಾರದ ನಂತರ ಗುರುಚರಣ್ ತನ್ನ ಸೆಟ್ಟನ್ನೇ ತಂದು ಅವಳ ಮುಂದೆ ಹಿಡಿದ.

"ಇದನ್ನ ನೀವೇ ಇಟ್ಕೊಳ್ಳಿ. ನೀರಿನಡಿಯಿಂದ ಯಾರೋ ಮಾತಾಡ್ದಂಗೆ ಕೇಳುತ್ತೆ, ಒಂದು ಪದಾನೂ ತಿಳಿಯಲ್ಲ. ಆದ್ರೆ ನೀವು ತಡೆಯೋದು, ಅಳೋದು ಗೊತ್ತಾಗ್ಬಿಡುತ್ತೆ. ಅದನ್ನ ಕೇಳೋದೂ ತಪ್ಪೇ."

"ಮತ್ತೆ ಯಾಕೆ ಕೇಳಿದ್ರಿ?"

"ಉತ್ತರ ಕೊಡ್ಬೇಕು ಅನ್ಸೋದು..."

ಶಿಲ್ಪ ತಲೆ ತಗ್ಗಿಸಿದಳು. ಅತ್ತೆಗೆ ತಿಳಿದರೆ? ಅವರ ಮಗನ ಜಾಗ ಅದು...

ಒಳಕೋಣೆಯಿಂದ ಸೊಣ್ಣಮ್ಮನ ತೊದಲು ಧ್ವನಿ ಬಂತು.

"ನಾನೂ ದಿನಾ ಕೇಳ್ತಿದ್ದೆ ಕಣವ್ವ, ನಿದ್ದೆ ಬಂದೋಳಂಗೆ. ಸತ್ತೋನು ಉತ್ರ ಕೊಡಾಕಿಲ್ಲ. ಇಂಗೆ ಬಾಗ್ಲಲ್ಲಿ ನಿಲ್ಲಿಸ್ಬ್ಯಾಡ ಅವನ್ನ."

ಶಿಲ್ಪಳ ಕಣ್ಣು ತುಂಬಿತು. ಅವನ ಕೈಯಿಂದ ಸೆಟ್ಟು ತೆಗೆದುಕೊಂಡು ಆರಿಸಿದಳು.

"ಒಳಗೆ ಬನ್ನಿ. ಕೇಳೋದಾದ್ರೆ ಎದುರಿಗೆ ಕೂತ್ಕೊಂಡು ಕೇಳಿ."

"ಉತ್ತರ ಕೊಡ್ಬಹುದಾ?"

"ಅದಕ್ಕೇ ಕರೀತಿರೋದು..."