ಒಂದು ಕಿಲೋಮೀಟರಿನ ಜಾವಾ

ಕಬ್ಬಿಣದ ರಾಡು ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು.

"ಇಳಿಯಮ್ಮಾ ಕೆಳಗೆ."

ಯಲ್ದೂರಿನಿಂದ ಬೆನ್ನು ಹತ್ತಿದ್ದ ಕಾರು ಶ್ರೀನಿವಾಸಪುರದ ಹೊರಗೆ, ಮಾವಿನ ತೋಪಿನ ಪಕ್ಕ ನನ್ನ ಜಾವಾ ಬೈಕಿಗೆ ಅಡ್ಡ ನಿಂತಿತ್ತು. ರಾಡು ಹಿಡಿದವನು ಉದಯಕುಮಾರ್. ಹಳೇ ಬೈಕುಗಳನ್ನು ಹೊಡೆದುಕೊಂಡು ಹೋಗಿ, ಇಂಜಿನ್ ಕಿತ್ತು, ಹೋಟೆಲ್ ಗೋಡೆಗೆ ನೇತುಹಾಕಲು ಮಾರುವ ಆಸಾಮಿ. ಕಾರಿನಲ್ಲಿ ಇನ್ನಿಬ್ಬರು.

ನಾನು ಚಂದ್ರಕಲಾ. ಕೈತಪ್ಪಿದ ಹಳೇ ಗಾಡಿಗಳನ್ನು ಹುಡುಕಿಕೊಡುವುದೇ ನನ್ನ ಕಸುಬು.

ಈ ಜಾವಾ ಮಾತ್ರ ಕಸುಬಲ್ಲ. ಇದು ಕೋಲಾರದ ಮೆಕ್ಯಾನಿಕ್ ಜುಲ್ಫಿಕರ್ ಸಾಬರದು. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು. ಗಾಡಿ ಅವರ ಕೈ ಬಿಟ್ಟು ಇಪ್ಪತ್ತು ವರ್ಷ... ಈಗ ಕಣ್ಣೂ ಕಾಣುವುದಿಲ್ಲ. "ಒಂದ್ಸಲ ಅದರ ಸದ್ದು ಕೇಳಿಸು ಬೇಟಿ, ಸಾಕು" ಅಂದಿದ್ದರು. ಬೆಳಿಗ್ಗೆ ಯಲ್ದೂರಿನ ಗಂಗುಲಪ್ಪನವರ ಕೊಟ್ಟಿಗೆಯಿಂದ ಕೊಂಡು ತರುತ್ತಿದ್ದೆ.

ಇದು ಗೋಡೆ ಸೇರುವುದೇ?

ಇಂಜಿನ್ ಆಫ್ ಮಾಡಿದೆ. ಇಳಿಯುವಾಗ ಟ್ಯಾಂಕಿನ ಅಡಿಗೆ ಕೈ ಹಾಕಿ, ಇಂಜಿನ್ನಿಗೆ ಪೆಟ್ರೋಲ್ ಬಿಡುವ ಕಾಕ್ ತಿರುಗಿಸಿ ಮುಚ್ಚಿದೆ. ಗಾಡಿ ನಿಲ್ಲಿಸಿದ ಕೂಡಲೇ ಅದನ್ನು ಮುಚ್ಚದಿದ್ದರೆ ಸಾಬರು ಸ್ಪ್ಯಾನರಿನಲ್ಲೇ ಗೆಣ್ಣಿಗೆ ಕುಟ್ಟುತ್ತಿದ್ದರು. ಉದಯಕುಮಾರನ ಗಮನ ಅಲ್ಲಿರಲಿಲ್ಲ. ಅವನು ಬಲಗಡೆ ಹುಡುಕುತ್ತಿದ್ದ.

"ಕಿಕ್ಕರ್ ಎಲ್ಲೇ?"

"ಎಡಗಡೆ. ಗೇರ್ ಕಡ್ಡೀನ ಒಳಕ್ಕೆ ಒತ್ತಿ ಮೇಲಕ್ಕೆತ್ತು. ಅದೇ ಕಿಕ್ಕರ್."

"ಆಟ ಆಡ್ತೀಯಾ?"

"ಒದ್ದು ನೋಡು."

ಒದ್ದ. ಹೊರಟೇಬಿಟ್ಟ. ಕಾರು ತಿರುಗಿಸಿಕೊಂಡು ಅವನ ಜನ ಹಿಂದೆ ಹೊರಟರು.

ನಾನು ಓಡಲಿಲ್ಲ... ನಡೆದೆ. ಕಾಕ್ ಮುಚ್ಚಿದ ಮೇಲೆ ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ಒಂದು ಕಿಲೋಮೀಟರಿಗಷ್ಟೇ ಸಾಕು. ಮಾವಿನ ಮಂಡಿಯೂ ಅಷ್ಟೇ ದೂರ.

ಮಂಡಿಯ ಗೇಟಿಗೆ ಅಡ್ಡಲಾಗಿ ಜಾವಾ ನಿಂತಿತ್ತು. ಹಿಂದೆ ಲಾರಿಗಳ ಸಾಲು, ಹಾರ್ನು, ಬೈಗುಳ. ಉದಯಕುಮಾರ್ ಬೆವರು ಸುರಿಸಿಕೊಂಡು ಒದೆಯುತ್ತಲೇ ಇದ್ದ. ಸುತ್ತ ಮೂವತ್ತು ಜನ ಹಮಾಲಿಗಳು. ಅವನ ಜನ ರಾಡಿನ ಸಮೇತ ಲಾರಿಗಳ ಹಿಂದೆ ಕಾರಿನಲ್ಲೇ ಸಿಕ್ಕಿಕೊಂಡಿದ್ದರು.

"ಗಾಡಿ ನಂದಣ್ಣ" ಎಂದು ಗಂಗುಲಪ್ಪನವರು ಸಹಿ ಮಾಡಿಕೊಟ್ಟ ಪೇಪರನ್ನು ಹಮಾಲಿಗಳ ಮೇಸ್ತ್ರಿಯ ಕೈಗಿಟ್ಟೆ.

ಅವನು ಓದಿ ಉದಯಕುಮಾರನ ಕಡೆ ತಿರುಗಿ, ಅವನ ಪೇಪರ್ ಎಲ್ಲಿ ಎಂದು ತೆಲುಗಿನಲ್ಲಿ ಕೇಳಿದ. "ನೀ ಪೇಪರ್ ಏದಿರಾ?"

ಉದಯಕುಮಾರ್ ಮೆಲ್ಲಗೆ ಇಳಿದ.

ಸಾಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಕಾಕ್ ತೆರೆದು ಹತ್ತು ಎಣಿಸಿದೆ. ಒಂದೇ ಒದೆತ. ಡುಗ್ ಡುಗ್ ಡುಗ್...

ಫೋನನ್ನು ಇಂಜಿನ್ ಹತ್ತಿರ ಹಿಡಿದೆ.

"ನಂದೇ" ಎಂದರು ಸಾಬರು. "ಟೈಮಿಂಗ್ ಕೆಡಿಸಿದ್ದಾರೆ ಕಮೀನೇ. ಬೇಗ ತಾ ಬೇಟಿ, ಸರಿ ಮಾಡೋಣ."

ಉದಯಕುಮಾರ್ ಹತ್ತಿರ ಬಂದ. ಅಷ್ಟು ಹೊತ್ತಿಗೆ ನಾನು ಅಕ್ಕನಾಗಿದ್ದೆ.

"ಅಕ್ಕಾ, ನಂಗ್ಯಾಕೆ ಸ್ಟಾರ್ಟ್ ಆಗ್ಲಿಲ್ಲ? ಏನ್ ಮಾಡಿದ್ರಿ?"

ನಾನು ಗೇರ್ ಹಾಕಿದೆ.

"ಗೋಡೆಗೆ ನೇತುಹಾಕೋನಿಗೆ ಅದೆಲ್ಲ ಯಾಕಪ್ಪಾ?"